ವಿಕ್ಟೋರಿಯಾ ಯುಗದ ಭೀಷಣ ಕಾದಂಬರಿಗಳಲ್ಲಿ ಸ್ತ್ರೀಯೂ ಉನ್ಮಾದವೂ

ಆಂಗ್ಲ ಸಾಹಿತ್ಯವನ್ನು ಅಲ್ಪಸ್ವಲ್ಪ ಓದಿದವರಿಗೂ ಥಾರ್ನ್‌ಫೀಲ್ಡ್ ಭವನದ ಮೂರನೆಯ ಅಂತಸ್ತಿನ ಬೀಗ ಹಾಕಿದ ಕೋಣೆಯಲ್ಲಿದ್ದು ನಡುರಾತ್ರಿಯಲ್ಲಿ ನಗುವ ಹುಚ್ಚಿಯ ಪರಿಚಯವಿರುತ್ತದೆ. ಷಾರ್ಲಟ್ ಬ್ರಾಂಟೆಯ 'ಜೇನ್ ಏರ್' ಕಾದಂಬರಿಯನ್ನು ಸಂಗ್ರಹರೂಪದಲ್ಲಿ ಓದಿದ ವಿದ್ಯಾರ್ಥಿಗಳು ಅದರಲ್ಲಿ ಉಳಿದುದನ್ನು ಮರೆತರೂ ಆ ನಗೆಯನ್ನು ಮರೆಯಲಾರರು. ಆದರೆ ಓದುವಾಗ ನಾವು ಸಾಮಾನ್ಯವಾಗಿ ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದಿಲ್ಲ: ಅವಳು ಹುಚ್ಚಿಯೆಂದು ನಮಗೆ ಹೇಳಿದವರು ಯಾರು? ಆ ಮಾತು ನಿಜವೋ ಸುಳ್ಳೋ ಎಂಬುದು ಆಮೇಲಿನ ವಿಚಾರ. ಹೇಳುವ ಅಧಿಕಾರ ಯಾರದು, ಕೋಣೆಯ ಬೀಗದ ಕೈ ಯಾರ ಸೊಂಟದಲ್ಲಿದೆ ಎಂಬುದೇ ಮೊದಲಿನ ವಿಚಾರ. ಪ್ರಸ್ತುತ ಲೇಖನದಲ್ಲಿ ನಾವು ಮೂರು ಪ್ರಸಿದ್ಧ ಕಾದಂಬರಿಗಳನ್ನು ಎದುರಿಗಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸೋಣ. 'ಹುಚ್ಚು' ಎಂಬ ಮಾತನ್ನು ಆ ಕಾಲದ ಬಳಕೆಗೆ ಅನುಗುಣವಾಗಿ ಉಪಯೋಗಿಸಿದ್ದೇವೆ. ಇಂದಿನ ವೈದ್ಯಶಾಸ್ತ್ರ ಅದನ್ನು ಮಾನಸಿಕ ಅಸ್ವಾಸ್ಥ್ಯವೆಂದು ಕರೆಯುತ್ತದೆ, ಹಾಗೆ ಕರೆಯುವುದೇ ಯುಕ್ತ.

ಕೋಟೆಯಿಂದ ಮನೆಗೆ

'ಗಾಥಿಕ್' ಎಂಬ ಹೆಸರಿನ ಭೀಷಣ ಕಥೆಗಳು ಇಂಗ್ಲೆಂಡಿನಲ್ಲಿ ಹುಟ್ಟಿದುದು 1764ರಲ್ಲಿ, ಹೊರೇಸ್ ವಾಲ್‌ಪೋಲನ 'ದಿ ಕ್ಯಾಸಲ್ ಆಫ್ ಒಟ್ರಾಂಟೊ' ಎಂಬ ಗ್ರಂಥದಿಂದ. 1794ರಲ್ಲಿ ಆ್ಯನ್ ರ್‍ಯಾಡ್‌ಕ್ಲಿಫ್ ಎಂಬ ಲೇಖಕಿ ಬರೆದ 'ದಿ ಮಿಸ್ಟರೀಸ್ ಆಫ್ ಉಡಾಲ್ಫೊ' ಈ ಪ್ರಕಾರಕ್ಕೆ ಮನೆಮನೆಯಲ್ಲೂ ವಾಚಕರನ್ನು ದೊರಕಿಸಿತು. ಪಾಳುಕೋಟೆ, ನೆಲಮಾಳಿಗೆ, ಕ್ರೂರಿಯಾದ ಒಡೆಯ, ಬಂಧನದಲ್ಲಿ ನಡುಗುವ ಕನ್ಯೆ: ಇವು ಅದರ ಸಾಮಗ್ರಿ. ಕಥೆ ನಡೆಯುತ್ತಿದ್ದುದು ಇಟಲಿಯಲ್ಲಿಯೋ ಬೇರೊಂದು ದೂರದೇಶದಲ್ಲಿಯೋ. ಆದುದರಿಂದ ವಾಚಕನು ನಿಶ್ಚಿಂತೆಯಿಂದ ಭಯಪಡಬಹುದಾಗಿತ್ತು.

ಈ ನಿಶ್ಚಿಂತೆಯನ್ನು ಮೊದಲು ಕಲಕಿದವರಲ್ಲಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಒಬ್ಬಳು. ಅವಳ ಮರಣಾನಂತರ 1798ರಲ್ಲಿ ಬೆಳಕು ಕಂಡ ಅಪೂರ್ಣ ಕಾದಂಬರಿಯಲ್ಲಿ ಮರಿಯಾ ಎಂಬ ಗೃಹಿಣಿ ಬಂಧಿತಳಾಗಿರುವುದು ದೂರದ ಕೋಟೆಯಲ್ಲಲ್ಲ, ಇಂಗ್ಲೆಂಡಿನದೇ ಒಂದು ಹುಚ್ಚರ ಮನೆಯಲ್ಲಿ. ಅಲ್ಲಿಗೆ ಅವಳನ್ನು ಕಳುಹಿಸಿದವನು ಅವಳ ಕೈಹಿಡಿದ ಗಂಡ. ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಕಾಲದಲ್ಲಿ, ಎಂದರೆ 1837ರಿಂದ 1901ರ ವರೆಗೆ, ಕಾದಂಬರಿಕಾರರು ಇದೇ ದಾರಿಯಲ್ಲಿ ಮುಂದುವರಿದರು. ಕೋಟೆ ಹೋಗಿ ಗೃಹಸ್ಥನ ಭವನ ಬಂದಿತು. ದೆವ್ವ ಹೋಗಿ ಹುಚ್ಚಿ ಬಂದಳು. ಕ್ರೂರಿಯಾದ ಒಡೆಯನ ಸ್ಥಾನದಲ್ಲಿ ಗಂಡನೋ ಬಂಧುವೋ ವೈದ್ಯನೋ ನಿಂತನು. ಭಯವು ನೆರೆಮನೆಗೆ ಬಂದು ಕುಳಿತಿತು.

ಕಾನೂನೂ ವೈದ್ಯವೂ

ಈ ಕಥೆಗಳು ಕೇವಲ ಕಲ್ಪನೆಯ ಕೂಸುಗಳಲ್ಲವೆಂಬುದನ್ನು ತಿಳಿಯಬೇಕಾದರೆ ಆ ಕಾಲದ ಕಾನೂನನ್ನು ಸ್ವಲ್ಪ ನೋಡಬೇಕು. ಮದುವೆಯಾದ ಸ್ತ್ರೀಗೆ ಕಾನೂನಿನ ದೃಷ್ಟಿಯಲ್ಲಿ ಪ್ರತ್ಯೇಕ ವ್ಯಕ್ತಿತ್ವವೇ ಇರಲಿಲ್ಲ. ವಿಶೇಷ ಒಪ್ಪಂದವಿಲ್ಲದಿದ್ದರೆ ಅವಳ ಹಣವೂ ಒಡವೆಯೂ ಗಂಡನವಾಗುತ್ತಿದ್ದವು. 1870ರ ಶಾಸನ ಅವಳ ಸಂಪಾದನೆಯನ್ನು ಅವಳಿಗೆ ಬಿಟ್ಟಿತು. 1882ರ ಶಾಸನ ಬಂದ ಮೇಲೆಯೇ ವಿವಾಹಿತೆಯು ತನ್ನ ಆಸ್ತಿಗೆ ತಾನು ಒಡತಿಯಾದಳು, ತನ್ನ ಹೆಸರಿನಲ್ಲಿ ದಾವೆ ಹೂಡುವ ಹಕ್ಕನ್ನೂ ಪಡೆದಳು. ಇನ್ನು ವಿವಾಹ ವಿಚ್ಛೇದನಕ್ಕೆ ಉನ್ಮಾದವು ಕಾರಣವಾಗಬಹುದೆಂದು ಇಂಗ್ಲೆಂಡಿನ ಕಾನೂನು ಒಪ್ಪಿಕೊಂಡುದು 1937ರಲ್ಲಿ.

1845ರಲ್ಲಿ ಇಂಗ್ಲೆಂಡಿನ ಪ್ರತಿಯೊಂದು ಕೌಂಟಿಯೂ ಹುಚ್ಚಾಸ್ಪತ್ರೆಯನ್ನು ಕಟ್ಟಬೇಕೆಂದು ಶಾಸನವಾಯಿತು. ಇವುಗಳನ್ನು ತನಿಖೆ ಮಾಡಲು ಆಯೋಗವೊಂದು ನೇಮಕವಾಯಿತು. ಬಡವರನ್ನು ಸೇರಿಸಲು ಒಬ್ಬ ವೈದ್ಯನ ಪ್ರಮಾಣಪತ್ರದ ಜೊತೆಗೆ ಮ್ಯಾಜಿಸ್ಟ್ರೇಟನಂತಹ ಅಧಿಕಾರಿಯ ಅಪ್ಪಣೆ ಬೇಕಾಗಿತ್ತು. ಆದರೆ ಹಣ ತೆತ್ತು ಸೇರಿಸುವ ರೋಗಿಯ ವಿಷಯದಲ್ಲಿ ಬಂಧುವಿನ ಒಂದು ಕೋರಿಕೆ, ಬೇರೆ ಬೇರೆಯಾಗಿ ಪರೀಕ್ಷಿಸಿದ ಇಬ್ಬರು ವೈದ್ಯರ ಪ್ರಮಾಣಪತ್ರಗಳು, ಇಷ್ಟಿದ್ದರೆ ಸಾಕು. ನ್ಯಾಯಾಧಿಕಾರಿಯ ಮುಖವನ್ನು ನೋಡಬೇಕಾಗಿರಲಿಲ್ಲ. ಈ ವಿಚಿತ್ರ ಭೇದ ಅಳಿದುದು 1890ರ ಶಾಸನದಿಂದ. ಹೀಗೆ ಸುಮಾರು ಅರ್ಧ ಶತಮಾನದ ಕಾಲ ಸಿರಿವಂತ ಮನೆತನದ ಹೆಣ್ಣುಮಗಳೊಬ್ಬಳ ಸ್ವಾತಂತ್ರ್ಯವು ಬಂಧುಗಳ ಸದ್ಬುದ್ಧಿ ಮತ್ತು ಇಬ್ಬರು ವೈದ್ಯರ ಸಹಿ, ಇವೆರಡರ ಮೇಲೆ ನಿಂತಿತ್ತು.

ವೈದ್ಯಶಾಸ್ತ್ರದ ಮಾತುಗಳೂ ಸ್ತ್ರೀಗೆ ಅನುಕೂಲವಾಗಿರಲಿಲ್ಲ. 'ಹಿಸ್ಟೀರಿಯಾ' ಎಂಬ ರೋಗದ ಹೆಸರೇ ಗರ್ಭಾಶಯವೆಂಬ ಅರ್ಥದ ಗ್ರೀಕ್ ಶಬ್ದದಿಂದ ಬಂದುದು. 1835ರಲ್ಲಿ ಜೇಮ್ಸ್ ಕೌಲ್ಸ್ ಪ್ರಿಚರ್ಡ್ ಎಂಬ ವೈದ್ಯನು 'ನೈತಿಕ ಉನ್ಮಾದ' ಎಂಬ ಹೊಸ ವಿಭಾಗವನ್ನು ವಿವರಿಸಿದನು. ಬುದ್ಧಿ ಸರಿಯಾಗಿಯೇ ಇದ್ದು ಭಾವ, ಸ್ವಭಾವ, ನಡತೆಗಳು ಮಾತ್ರ ಕೆಟ್ಟಿರುವ ಸ್ಥಿತಿಗೆ ಅವನು ಆ ಹೆಸರಿಟ್ಟನು. ಯಾವುದು ಕೆಟ್ಟ ನಡತೆ ಎಂಬುದನ್ನು ಸಮಾಜ ತೀರ್ಮಾನಿಸುತ್ತದೆ. ಹೆಣ್ಣಿಗೆ ಅದು ವಿಧಿಸಿದ ನಡತೆಯ ಗೆರೆ ಬಹು ಕಿರಿದು. ಸಿಟ್ಟು, ಹಟ, ಗಟ್ಟಿ ಮಾತು ಇವೆಲ್ಲ ಗಂಡಸಿನಲ್ಲಿ ಸ್ವಭಾವವೆನಿಸಿ ಹೆಂಗಸಿನಲ್ಲಿ ರೋಗವೆನಿಸುವ ದಾರಿ ಇದರಿಂದ ತೆರೆಯಿತು.

ಮಾತಿಲ್ಲದ ಬರ್ತಾ

'ಜೇನ್ ಏರ್' 1847ರಲ್ಲಿ ಪ್ರಕಟವಾಯಿತು. ಅನಾಥೆಯಾದ ಜೇನ್ ಥಾರ್ನ್‌ಫೀಲ್ಡ್ ಭವನಕ್ಕೆ ಉಪಾಧ್ಯಾಯಿನಿಯಾಗಿ ಬರುತ್ತಾಳೆ. ಮಹಡಿಯಿಂದ ಕೇಳುವ ವಿಕಾರವಾದ ನಗೆ ಗ್ರೇಸ್ ಪೂಲ್ ಎಂಬ ಸೇವಕಿಯದೆಂದು ಅವಳಿಗೆ ಹೇಳುತ್ತಾರೆ. ಒಡೆಯನಾದ ರಾಚೆಸ್ಟರನೊಡನೆ ಅವಳ ಮದುವೆ ನಡೆಯುತ್ತಿರುವಾಗಲೇ ವಕೀಲನೊಬ್ಬನು ಇಗರ್ಜಿಯಲ್ಲಿ ಎದ್ದು ನಿಂತು, ವರನಿಗೆ ಹದಿನೈದು ವರ್ಷಗಳ ಹಿಂದೆಯೇ ಜಮೈಕಾ ದ್ವೀಪದಲ್ಲಿ ವಿವಾಹವಾಗಿದೆ, ಆ ಹೆಂಡತಿ ಜೀವಂತವಾಗಿದ್ದಾಳೆ ಎಂದು ಸಾರುತ್ತಾನೆ. ಅವಳೇ ಬರ್ತಾ ಮೇಸನ್. ಮೂವತ್ತು ಸಾವಿರ ಪೌಂಡು ತಂದು ರಾಚೆಸ್ಟರನ ಮನೆ ತುಂಬಿದವಳು, ಹತ್ತು ವರ್ಷಗಳಿಂದ ಅದೇ ಮನೆಯ ಮಹಡಿಯಲ್ಲಿ ಬಂಧಿತಳಾಗಿರುವವಳು.

ಬರ್ತಾಳ ಪೂರ್ವವೃತ್ತಾಂತ ನಮಗೆ ಯಾರಿಂದ ತಿಳಿಯುತ್ತದೆ? ಸಂಪೂರ್ಣವಾಗಿ ರಾಚೆಸ್ಟರನಿಂದ. ಅವಳ ತಾಯಿ ಹುಚ್ಚಿ, ಕುಡುಕಿ. ಅವಳ ವಂಶವೇ ಹಾಗೆ. ಅವಳ ಸ್ವಭಾವ ಮೊದಲಿನಿಂದಲೂ ಹೀನವಾದುದು ಎಂದು ಅವನು ಹೇಳುತ್ತಾನೆ. ಅದನ್ನು ಅವನು ಹೇಳುತ್ತಿರುವುದಾದರೂ ಎರಡನೆಯ ಮದುವೆಗೆ ಹೊರಟು ಸಿಕ್ಕಿಬಿದ್ದ ಗಳಿಗೆಯಲ್ಲಿ. ಅವನ ಮಾತೆಲ್ಲ ಸುಳ್ಳೆಂದು ನಾವು ಹೇಳುವುದಿಲ್ಲ. ಅವಳು ಮಂಚಕ್ಕೆ ಬೆಂಕಿಯಿಟ್ಟುದು, ನೋಡಲು ಬಂದ ಸೋದರನನ್ನು ಕಚ್ಚಿದುದು ಕಥೆಯಲ್ಲಿ ಸ್ಪಷ್ಟವಾಗಿದೆ. ಆದರೆ ಇಷ್ಟು ದೊಡ್ಡ ಕಾದಂಬರಿಯಲ್ಲಿ ಅವಳ ಬಾಯಿಂದ ನೇರವಾಗಿ ಒಂದು ಮಾತೂ ಹೊರಡುವುದಿಲ್ಲ; ಕೇಳುವುದು ನಗೆ, ಗುಡುಗುಟ್ಟುವಿಕೆ, ಕೂಗು ಮಾತ್ರ. ವಾದಿಯ ಹೇಳಿಕೆ ದಾಖಲಾಗಿದೆ, ಪ್ರತಿವಾದಿಯದು ಇಲ್ಲ.

ಇದರೊಡನೆ ಇನ್ನೊಂದು ಸಾದೃಶ್ಯವನ್ನು ವಾಚಕರು ಗಮನಿಸಬೇಕು. ಕಥೆಯ ಮೊದಲಲ್ಲಿ ಹತ್ತು ವರ್ಷದ ಜೇನಳನ್ನು, ತನ್ನನ್ನು ಹೊಡೆದ ಹುಡುಗನಿಗೆ ಎದುರು ನಿಂತುದಕ್ಕಾಗಿ, ಕೆಂಪು ಕೋಣೆಯೊಂದರಲ್ಲಿ ಕೂಡಿಹಾಕುತ್ತಾರೆ. ಸೇವಕಿಯರು ಅವಳನ್ನು ಹುಚ್ಚುಹಿಡಿದ ಬೆಕ್ಕಿಗೆ ಹೋಲಿಸುತ್ತಾರೆ. ಸುಮ್ಮನಿರದಿದ್ದರೆ ಕಟ್ಟಿಹಾಕುವುದಾಗಿ ಹೆದರಿಸುತ್ತಾರೆ. ಮುಂದೆ ಎಲ್ಲರೆದುರಿಗೆ ರಾಚೆಸ್ಟರನು ಬರ್ತಾಳನ್ನು ಹಗ್ಗದಿಂದ ಕುರ್ಚಿಗೆ ಕಟ್ಟುತ್ತಾನೆ. ಬಾಲಕಿಗೆ ಹಾಕಿದ ಬೆದರಿಕೆ ಹೆಂಡತಿಯಲ್ಲಿ ನಿಜವಾಗುತ್ತದೆ. ಒಬ್ಬಳು ಕೋಣೆಯಿಂದ ಹೊರಬಂದು ತನ್ನ ಕಥೆಯನ್ನು ತಾನೇ ಬರೆದಳು, ಇನ್ನೊಬ್ಬಳು ಹೊರಬರಲಿಲ್ಲ. ಇವರಿಬ್ಬರ ನಡುವಿನ ಗೋಡೆ ನಾವು ಮೊದಲು ತಿಳಿದಷ್ಟು ದಪ್ಪವಾದುದಲ್ಲ. ಸಾಂಡ್ರಾ ಗಿಲ್ಬರ್ಟ್ ಮತ್ತು ಸೂಸನ್ ಗೂಬರ್ ಎಂಬ ಅಮೆರಿಕದ ವಿದುಷಿಯರು 1979ರ ತಮ್ಮ ಪ್ರಸಿದ್ಧ ವಿಮರ್ಶಾಗ್ರಂಥದಲ್ಲಿ ಬರ್ತಾಳನ್ನು ಜೇನಳ ಅದುಮಿಟ್ಟ ಕೋಪದ ಪ್ರತಿರೂಪವೆಂದೇ ವ್ಯಾಖ್ಯಾನಿಸಿದರು. ಮದುವೆಗೆ ಮುನ್ನ ಬರ್ತಾ ಇರುಳಿನಲ್ಲಿ ಜೇನಳ ಕೋಣೆಗೆ ಬಂದು ಹರಿದುಹಾಕುವುದು ಮದುವಣಗಿತ್ತಿಯ ಮುಸುಕನ್ನು. ಜೇನಳ ಮೈಗೆ ಅವಳು ಗಾಯಮಾಡುವುದಿಲ್ಲ.

ಅದೇ ಕಾಲಕ್ಕೆ ವಾಸ್ತವ ಪ್ರಪಂಚದಲ್ಲಿ ಏನು ನಡೆಯುತ್ತಿತ್ತು? 1839ರಲ್ಲಿಯೇ ಲಂಡನ್ನಿನ ಬಳಿಯ ಹ್ಯಾನ್‌ವೆಲ್ ಆಸ್ಪತ್ರೆಯಲ್ಲಿ ಜಾನ್ ಕಾನಲಿ ಎಂಬ ವೈದ್ಯನು ರೋಗಿಗಳನ್ನು ಕಟ್ಟಿಹಾಕುವ ಪದ್ಧತಿಯನ್ನು ನಿಲ್ಲಿಸಿದ್ದನು. ಆಸ್ಪತ್ರೆಯಲ್ಲಿ ಹಗ್ಗ ಬಿಚ್ಚುತ್ತಿದ್ದ ಕಾಲದಲ್ಲಿ ಕಾದಂಬರಿಯ ಮನೆಯಲ್ಲಿ ಹಗ್ಗ ಬಿಗಿಯುತ್ತಿತ್ತು. ಲೇಖಕಿಗೆ ಈ ವಿಷಯದಲ್ಲಿ ಮನಸ್ಸು ಸಮಾಧಾನವಾಗಿರಲಿಲ್ಲವೆಂಬುದಕ್ಕೆ ಸಾಕ್ಷಿಯಿದೆ. 1848ರ ಜನವರಿಯಲ್ಲಿ ಪ್ರಕಾಶನ ಸಂಸ್ಥೆಯ ವಿಲಿಯಮ್ಸ್ ಎಂಬವರಿಗೆ ಬರೆದ ಪತ್ರದಲ್ಲಿ ಅವಳು, ಅಂತಹ ದುರ್ದೆಶೆಯನ್ನು ಕಂಡಾಗ ಹುಟ್ಟಬೇಕಾದುದು ಮರುಕವೇ ಹೊರತು ಬೇರೆಯಲ್ಲ, ತಾನು ಭಯಾನಕಕ್ಕೆ ಹೆಚ್ಚು ಅವಕಾಶ ಕೊಟ್ಟುದು ತಪ್ಪಾಯಿತು ಎಂಬರ್ಥದಲ್ಲಿ ಬರೆದಿದ್ದಾಳೆ. ಕಾದಂಬರಿಯೊಳಗೂ ಜೇನ್, ಹುಚ್ಚಾಗಿರುವುದು ಆ ಹೆಂಗಸಿನ ಕೈಯಲ್ಲಿಲ್ಲ, ಅವಳನ್ನು ದ್ವೇಷಿಸುವುದು ಕ್ರೌರ್ಯ ಎಂದು ರಾಚೆಸ್ಟರನನ್ನು ಆಕ್ಷೇಪಿಸುತ್ತಾಳೆ. ಬರ್ತಾಳ ಪರವಾಗಿ ಬಂದ ಮಾತು ಅದೊಂದೇ.

ನಿಜವೇ ಹುಚ್ಚಾದಾಗ

1858ರ ಜೂನ್ ತಿಂಗಳಿನಲ್ಲಿ ಹರ್ಟ್‌ಫರ್ಡ್ ಪಟ್ಟಣದ ಚುನಾವಣಾ ಸಭೆಯಲ್ಲಿ ಒಂದು ಪ್ರಸಂಗ ನಡೆಯಿತು. ಅಭ್ಯರ್ಥಿ ಪ್ರಸಿದ್ಧ ಕಾದಂಬರಿಕಾರನೂ ರಾಜಕಾರಣಿಯೂ ಆದ ಎಡ್ವರ್ಡ್ ಬುಲ್ವರ್ ಲಿಟನ್. ಅವನಿಂದ ದೂರವಾಗಿ ಬಾಳುತ್ತಿದ್ದ ಪತ್ನಿ ರೊಸೀನಾ ಆ ಬಹಿರಂಗ ಸಭೆಗೆ ಬಂದು ಅವನನ್ನು ನಿಂದಿಸಿದಳು. ಕೆಲವೇ ದಿನಗಳಲ್ಲಿ ಅವಳು ಹುಚ್ಚಿಯೆಂದು ಪ್ರಮಾಣಪತ್ರ ಸಿದ್ಧವಾಯಿತು. ಬ್ರೆಂಟ್‌ಫರ್ಡಿನ ಖಾಸಗಿ ಗೃಹವೊಂದರಲ್ಲಿ ಅವಳನ್ನು ಇರಿಸಲಾಯಿತು. ಪತ್ರಿಕೆಗಳು ಗದ್ದಲವೆಬ್ಬಿಸಿದುದರಿಂದ ಸುಮಾರು ಮೂರು ವಾರಗಳಲ್ಲಿ ಬಿಡುಗಡೆಯಾಯಿತು. ಸಭೆಯಲ್ಲಿ ಕೂಗಾಡಿದ ಗಂಡಸನ್ನು ಪೊಲೀಸರು ಹೊರಗೆ ಕಳುಹಿಸುತ್ತಿದ್ದರು. ಹೆಂಡತಿಯನ್ನು ವೈದ್ಯರು ಒಳಗೆ ಕಳುಹಿಸಿದರು.

ಇದಾದ ಮರುವರ್ಷ, 1859ರ ನವೆಂಬರಿನಲ್ಲಿ, ಡಿಕನ್ಸನ ವಾರಪತ್ರಿಕೆಯಲ್ಲಿ ವಿಲ್ಕಿ ಕಾಲಿನ್ಸನ 'ದಿ ವುಮನ್ ಇನ್ ವೈಟ್' ಧಾರಾವಾಹಿಯಾಗಿ ಆರಂಭವಾಯಿತು. ಚಿತ್ರಕಲೆ ಕಲಿಸುವ ವಾಲ್ಟರ್ ಹಾರ್ಟ್‌ರೈಟ್ ರಾತ್ರಿಯಲ್ಲಿ ಲಂಡನ್ನಿನ ಕಡೆಗೆ ನಡೆದು ಹೋಗುತ್ತಿರುವಾಗ ಬಿಳಿಯ ಉಡುಪಿನ ಹೆಂಗಸೊಬ್ಬಳು ಹಿಂದಿನಿಂದ ಅವನನ್ನು ಮುಟ್ಟುತ್ತಾಳೆ. ಅವಳು ಹುಚ್ಚಾಸ್ಪತ್ರೆಯಿಂದ ತಪ್ಪಿಸಿಕೊಂಡ ಆ್ಯನ್ ಕ್ಯಾಥರಿಕ್. ಸರ್ ಪರ್ಸಿವಲ್ ಗ್ಲೈಡ್ ಎಂಬ ಧೂರ್ತನು ಅವಳನ್ನು ಅಲ್ಲಿರಿಸಿದುದಕ್ಕೆ ಕಾರಣ, ತನ್ನ ಜನ್ಮರಹಸ್ಯ ಅವಳಿಗೆ ತಿಳಿದಿದೆಯೆಂಬ ಭಯ. ವಾಸ್ತವವಾಗಿ ಅವಳಿಗೆ ಅದು ತಿಳಿದೇ ಇರಲಿಲ್ಲ.

ಪರ್ಸಿವಲನ ಪತ್ನಿ ಲಾರಾ ನೋಡಲು ಆ್ಯನಳಂತೆಯೇ ಇದ್ದಾಳೆ. ಅವಳು ಮಕ್ಕಳಿಲ್ಲದೆ ಸತ್ತರೆ ಇಪ್ಪತ್ತು ಸಾವಿರ ಪೌಂಡು ಗಂಡನಿಗೆ ಸೇರುತ್ತದೆ. ಹೃದ್ರೋಗದಿಂದ ಆ್ಯನ್ ಸಾಯುತ್ತಾಳೆ. ಪರ್ಸಿವಲನೂ ಅವನ ಮಿತ್ರ ಕೌಂಟ್ ಫಾಸ್ಕೊ ಎಂಬವನೂ ಸೇರಿ ಅವಳನ್ನು ಲಾರಾಳ ಹೆಸರಿನಲ್ಲಿ ಮಣ್ಣುಮಾಡಿಸುತ್ತಾರೆ, ಲಾರಾಳನ್ನು ಆ್ಯನಳ ಹೆಸರಿನಲ್ಲಿ ಹುಚ್ಚಾಸ್ಪತ್ರೆಗೆ ಸೇರಿಸುತ್ತಾರೆ. ಅಲ್ಲಿ 'ನಾನು ಲಾರಾ' ಎಂದು ಅವಳು ಹೇಳಿದಷ್ಟೂ ಅದು ಅವಳ ಭ್ರಮೆಗೆ ಪುರಾವೆಯಾಗುತ್ತದೆ. ದಾದಿಯು ಅವಳು ಉಟ್ಟ ಬಟ್ಟೆಯ ಮೇಲೆ ಗುರುತು ಹಾಕಿದ ಆ್ಯನಳ ಹೆಸರನ್ನು ತೋರಿಸಿ ಸಮಾಧಾನ ಹೇಳುತ್ತಾಳೆ! ಭೀಷಣ ಕಾದಂಬರಿಗಳಲ್ಲಿ ಇದಕ್ಕಿಂತ ಭಯಂಕರವಾದ ಸಂದರ್ಭ ವಿರಳ. ಇಲ್ಲಿ ರಕ್ತವಿಲ್ಲ, ಸರಪಳಿಯಿಲ್ಲ, ದಾದಿ ದುಷ್ಟಳೂ ಅಲ್ಲ. ನಿಜ ಹೇಳುವವಳನ್ನು ನಂಬಬಾರದೆಂದು ಮೊದಲೇ ತೀರ್ಮಾನವಾಗಿದೆ, ಅಷ್ಟೆ.

ಕಾಲಿನ್ಸ್ ಈ ಕಥೆಯನ್ನು ನ್ಯಾಯಾಲಯದ ಸಾಕ್ಷ್ಯದಂತೆ ಹಲವರ ಹೇಳಿಕೆಗಳಿಂದ ಜೋಡಿಸಿದನು. ವಾಲ್ಟರ್, ಲಾರಾಳ ಧೀರೆಯಾದ ಅಕ್ಕ ಮರಿಯನ್, ವಕೀಲ, ಅಡಿಗೆಯವಳು, ವೈದ್ಯ, ಕೊನೆಗೆ ಗೋರಿಕಲ್ಲು ಕೂಡ ತನ್ನ ಹೇಳಿಕೆಯನ್ನು ಕೊಡುತ್ತದೆ. ಆದರೆ ಲಾರಾಳಿಗೂ ಆ್ಯನಳಿಗೂ ಒಂದೊಂದು ಅಧ್ಯಾಯವೂ ಇಲ್ಲ. ಕಲ್ಲಿಗೆ ದೊರೆತ ಬಾಯಿ ಅವರಿಗೆ ದೊರೆಯಲಿಲ್ಲ. ಲಾರಾ ಲಂಡನ್ನಿಗೆ ಪ್ರಯಾಣಮಾಡಿದುದು ಅವಳು 'ಸತ್ತ' ದಿನದ ಅನಂತರವೆಂದು ತಾರೀಖುಗಳಿಂದ ಸಾಬೀತಾದಾಗಲೇ ಲೋಕ ಅವಳನ್ನು ಒಪ್ಪಿಕೊಂಡಿತು, ಅವಳ ಮಾತಿನಿಂದಲ್ಲ.

ಹುಚ್ಚಲ್ಲ, ಆದರೆ ಅಪಾಯ

ಮೇರಿ ಎಲಿಜಬೆತ್ ಬ್ರ್ಯಾಡನ್ ಎಂಬ ಲೇಖಕಿಯ 'ಲೇಡಿ ಆಡ್ಲೀಸ್ ಸೀಕ್ರೆಟ್' 1862ರಲ್ಲಿ ಹೊರಬಂದಿತು. ಇದರ ನಾಯಕಿ ಬರ್ತಾಳಿಗೆ ತದ್ವಿರುದ್ಧ: ಬಂಗಾರದ ಗುಂಗುರು ಕೂದಲು, ನೀಲಿ ಕಣ್ಣು, ಮಗುವಿನಂತಹ ಮುಖ. ಕೈಗೂಸಿನೊಡನೆ ತನ್ನನ್ನು ಬಿಟ್ಟು ಚಿನ್ನ ಅರಸಿ ಆಸ್ಟ್ರೇಲಿಯಾಕ್ಕೆ ಹೋದ ಗಂಡನ ಸುದ್ದಿಯಿಲ್ಲದಿರುವಾಗ ಅವಳು ಹೆಸರು ಬದಲಿಸಿ, ಮುದುಕ ಶ್ರೀಮಂತನನ್ನು ಮದುವೆಯಾಗುತ್ತಾಳೆ. ಮೊದಲ ಗಂಡ ಮರಳಿದಾಗ ಅವನನ್ನು ಬಾವಿಗೆ ನೂಕುತ್ತಾಳೆ. ಗುಟ್ಟನ್ನು ಉಳಿಸಿಕೊಳ್ಳಲು ಹೋಟೆಲೊಂದಕ್ಕೆ ಬೆಂಕಿಯಿಡುತ್ತಾಳೆ. ಅವಳು ನಿರಪರಾಧಿಯೆಂದು ಯಾರೂ ಹೇಳಲಾರರು.

ಸಿಕ್ಕಿಬಿದ್ದಾಗ ಅವಳೇ, ತಾಯಿಯಿಂದ ಬಂದ ಹುಚ್ಚು ತನಗಿದೆಯೆಂದು ಹೇಳುತ್ತಾಳೆ. ಪರೀಕ್ಷಿಸಲು ಬಂದ ವೈದ್ಯ ಮಾಸ್‌ಗ್ರೇವನ ಮೊದಲ ಅಭಿಪ್ರಾಯ ಕುತೂಹಲಕರವಾಗಿದೆ. ಮನೆಯಲ್ಲಿ ಸುಖವಿರಲಿಲ್ಲ, ಹೊರಟುಹೋದಳು. ಇನ್ನೊಂದು ಮದುವೆಯಿಂದ ಐಶ್ವರ್ಯ ಸಿಕ್ಕುವಂತಿತ್ತು, ಆದಳು. ಇದರಲ್ಲಿ ಹುಚ್ಚೇನಿದೆ ಎಂದು ಅವನು ಕೇಳುತ್ತಾನೆ. ಆದರೆ ಮೊದಲ ಗಂಡ ಕಾಣೆಯಾದ ವಿಷಯವನ್ನು ಕೇಳಿ, ಅವಳನ್ನು ಸ್ವಲ್ಪ ಹೊತ್ತು ಕಂಡು ಬಂದ ಮೇಲೆ, ಸುಪ್ತವಾದ ಉನ್ಮಾದವಿರಬಹುದು, ಏನೇ ಆಗಲಿ ಅವಳು ಅಪಾಯಕಾರಿ ಎಂದು ತೀರ್ಪು ಕೊಡುತ್ತಾನೆ. ನ್ಯಾಯಾಲಯವಿಲ್ಲ, ವಿಚಾರಣೆಯಿಲ್ಲ. ಮನೆತನದ ಮಾನವನ್ನು ಉಳಿಸಲು ಅವಳನ್ನು ಬೇರೊಂದು ಹೆಸರಿನಲ್ಲಿ ಬೆಲ್ಜಿಯಮ್ಮಿನ ಹುಚ್ಚಾಸ್ಪತ್ರೆಯೊಂದರಲ್ಲಿ ಬಿಟ್ಟುಬರುತ್ತಾರೆ; ಅಲ್ಲಿಯೇ ಅವಳು ಸಾಯುತ್ತಾಳೆ. ಬಾವಿಗೆ ಬಿದ್ದ ಗಂಡ ಬದುಕಿದ್ದನೆಂದು ಆಮೇಲೆ ತಿಳಿಯುತ್ತದೆ!

'ಹುಚ್ಚು ಬಿಡುವ ತನಕ ಮದುವೆಯಾಗುವುದಿಲ್ಲ, ಮದುವೆಯಾಗುವ ತನಕ ಹುಚ್ಚು ಬಿಡುವುದಿಲ್ಲ' ಎಂಬ ಗಾದೆ ನಮ್ಮಲ್ಲಿದೆ. ಈ ಮೂರು ಕಥೆಗಳಲ್ಲಿ ಗಾದೆ ತಲೆಕೆಳಗಾಗಿದೆ: ಮದುವೆಯಾದ ಮೇಲೆಯೇ ಹುಚ್ಚೆಂಬ ಹೆಸರು ಬರುವುದು, ಆ ಹೆಸರು ಬಂದ ಮೇಲೆ ಮದುವೆಯೂ ಬಿಡದು, ಬಾಗಿಲೂ ತೆರೆಯದು.

ಎರಡು ಎಚ್ಚರಿಕೆಗಳು

ಇಷ್ಟನ್ನು ನೋಡಿ, ಅಂದಿನ ಹುಚ್ಚಾಸ್ಪತ್ರೆಗಳಲ್ಲಿ ಇದ್ದವರೆಲ್ಲ ಸ್ವಸ್ಥರಾದ ಸ್ತ್ರೀಯರು, ಇಟ್ಟವರೆಲ್ಲ ದುಷ್ಟ ಗಂಡಂದಿರು ಎಂದು ತೀರ್ಮಾನಿಸಿದರೆ ಅದು ಚರಿತ್ರೆಯಾಗದು. ನಿಜವಾಗಿ ನೊಂದವರೂ ಆರೈಕೆ ಬೇಕಾದವರೂ ಅಲ್ಲಿ ಬಹಳ ಮಂದಿ ಇದ್ದರು. ಎಲೇನ್ ಶೋವಾಲ್ಟರ್ ಎಂಬ ವಿದುಷಿ 1985ರ ತನ್ನ ಗ್ರಂಥದಲ್ಲಿ ಕೊಟ್ಟಿರುವ ಲೆಕ್ಕದಂತೆ 1872ರಲ್ಲಿ ಇಂಗ್ಲೆಂಡು ಮತ್ತು ವೇಲ್ಸುಗಳ 58,640 ಮಂದಿ ಪ್ರಮಾಣಿತ ಉನ್ಮತ್ತರಲ್ಲಿ 31,822 ಮಂದಿ ಸ್ತ್ರೀಯರು. ಸ್ತ್ರೀಯರ ಸಂಖ್ಯೆ ಹೆಚ್ಚೆಂಬುದು ನಿಜ. ಆದರೆ ಪುರುಷರೂ ಕಡಮೆಯಿರಲಿಲ್ಲ. ಕಾದಂಬರಿಯು ಜನರ ಭಯಕ್ಕೆ ಹಿಡಿದ ಕನ್ನಡಿ. ಅದನ್ನು ಜನಗಣತಿಯೆಂದು ಓದಬಾರದು.

ಎರಡನೆಯದು, ಸ್ತ್ರೀಯರೆಲ್ಲರೂ ಮಾತಿಲ್ಲದೆ ಕುಳಿತಿರಲಿಲ್ಲ. 1878ರಲ್ಲಿ ಜಾರ್ಜೀನಾ ವೆಲ್ಡನ್ ಎಂಬ ಗಾಯಕಿಯನ್ನು, ಬೇರೆಯಾಗಿದ್ದ ಗಂಡನ ಕೋರಿಕೆಯಂತೆ, ವೈದ್ಯರು ಸುಳ್ಳು ಹೆಸರಿನಿಂದ ಮನೆಗೆ ಬಂದು ಮಾತನಾಡಿಸಿ ಹುಚ್ಚಿಯೆಂದು ಬರೆದುಕೊಟ್ಟರು. ಹಿಡಿಯಲು ಜನ ಬಂದಾಗ ಅವಳು ತಪ್ಪಿಸಿಕೊಂಡು, ಆಜ್ಞೆಯ ಅವಧಿ ಮುಗಿಯುವ ವರೆಗೆ ಅಡಗಿದ್ದಳು. 1882ರ ಶಾಸನ ದಾವೆಯ ಹಕ್ಕು ಕೊಟ್ಟೊಡನೆ ವೈದ್ಯರನ್ನೂ ಗಂಡನನ್ನೂ ನ್ಯಾಯಾಲಯಕ್ಕೆ ಎಳೆದು, ತನ್ನ ವಾದವನ್ನು ತಾನೇ ಮಂಡಿಸಿದಳು. ಅವಳಂತಹವರ ಗದ್ದಲವೂ ಕಾದಂಬರಿಗಳು ಹುಟ್ಟಿಸಿದ ಅನುಮಾನವೂ ಕೂಡಿ 1890ರ ಸುಧಾರಣೆಗೆ ನೆಲ ಹದಮಾಡಿದವು.

ಬಾಯಿ ಬಂದ ಮೇಲೆ

ಒಳಗಿರುವವಳೇ ಮಾತನಾಡಿದರೆ ಕಥೆ ಹೇಗಿದ್ದೀತು? ಇದಕ್ಕೆ ಉತ್ತರ ಅಟ್ಲಾಂಟಿಕ್ ಸಾಗರದ ಆಚೆಯಿಂದ ಬಂದಿತು. 1892ರಲ್ಲಿ ಅಮೆರಿಕದ ಷಾರ್ಲಟ್ ಪರ್ಕಿನ್ಸ್ ಗಿಲ್ಮನ್ ಪ್ರಕಟಿಸಿದ 'ದಿ ಯೆಲ್ಲೊ ವಾಲ್‌ಪೇಪರ್' ಎಂಬ ಸಣ್ಣ ಕಥೆಯಲ್ಲಿ ಬಾಣಂತಿಯೊಬ್ಬಳು ಕಿಟಕಿಗೆ ಸರಳುಗಳಿರುವ ಕೋಣೆಯಲ್ಲಿ ಕುಳಿತು ಗುಟ್ಟಾಗಿ ದಿನಚರಿ ಬರೆಯುತ್ತಾಳೆ. ವೈದ್ಯನಾದ ಗಂಡ ಪ್ರೀತಿಯಿಂದಲೇ ಅವಳಿಗೆ ಓದು ಬರೆಹಗಳನ್ನು ನಿಷೇಧಿಸಿದ್ದಾನೆ. ಗೋಡೆಯ ಹಳದಿ ಕಾಗದದ ಚಿತ್ತಾರದ ಹಿಂದೆ ಒಬ್ಬ ಹೆಂಗಸು ಸಿಕ್ಕಿಕೊಂಡಿರುವಂತೆ ಅವಳಿಗೆ ಕಾಣತೊಡಗುತ್ತದೆ. ವೈರ್ ಮಿಚೆಲ್ ಎಂಬ ಪ್ರಸಿದ್ಧ ವೈದ್ಯನ 'ವಿಶ್ರಾಂತಿ ಚಿಕಿತ್ಸೆ'ಯನ್ನು 1887ರಲ್ಲಿ ಸ್ವತಃ ಅನುಭವಿಸಿದ್ದ ಲೇಖಕಿಯ ಬರೆಹವಿದು. ಇಲ್ಲಿ ಬೀಗ ಹಾಕಿದವನು ಕ್ರೂರಿಯಲ್ಲ; ಪ್ರೀತಿಯೂ ಬೀಗ ಹಾಕಬಲ್ಲದು ಎಂಬುದೇ ಇದರ ತಿಳಿವು.

ಬರ್ತಾಳಿಗೂ ಒಂದು ದಿನ ಬಾಯಿ ಬಂದಿತು, 119 ವರ್ಷಗಳ ಮೇಲೆ. ವೆಸ್ಟ್ ಇಂಡೀಸ್‌ನ ಡೊಮಿನಿಕಾ ದ್ವೀಪದಲ್ಲಿ ಹುಟ್ಟಿದ ಜೀನ್ ರೀಸ್ 1966ರಲ್ಲಿ 'ವೈಡ್ ಸಾರ್ಗಾಸೊ ಸೀ' ಎಂಬ ಕಾದಂಬರಿಯಲ್ಲಿ ಅವಳ ಬಾಲ್ಯ, ಮದುವೆ, ಹೆಸರು ಕಳೆದುಕೊಂಡ ಬಗೆ ಇವನ್ನು ಅವಳ ಕಡೆಯಿಂದ ಹೇಳಿದಳು. ಅವಳ ನಿಜನಾಮ ಆಂಟ್ವನೆಟ್; 'ಬರ್ತಾ' ಎಂಬುದು ಗಂಡ ಹೇರಿದ ಹೆಸರು. ಇದನ್ನು ಓದಿದ ಮೇಲೆ ಥಾರ್ನ್‌ಫೀಲ್ಡಿನ ನಗೆ ನಮಗೆ ಬೇರೆಯೇ ಆಗಿ ಕೇಳಿಸುತ್ತದೆ.

ಇಂಗ್ಲೆಂಡಿನ ಕಾನೂನಿನ ನೆರಳು ನಮ್ಮ ದೇಶದ ಮೇಲೂ ಬಿದ್ದಿತ್ತು. ರೊಸೀನಾಳನ್ನು ಬಂಧಿಸಿದ 1858ರಲ್ಲಿಯೇ ಬ್ರಿಟಿಷ್ ಭಾರತಕ್ಕೂ ಹುಚ್ಚಾಸ್ಪತ್ರೆಗಳ ಶಾಸನವಾಯಿತು. ಇಂದು ಜಾರಿಯಲ್ಲಿರುವ 2017ರ ನಮ್ಮ ಮಾನಸಿಕ ಆರೋಗ್ಯ ಶಾಸನವಾದರೋ, ಸಮಾಜದ ನೈತಿಕ, ಸಾಮಾಜಿಕ, ಸಾಂಸ್ಕೃತಿಕ ಮೌಲ್ಯಗಳಿಗೆ ಒಬ್ಬರು ಹೊಂದಿಕೊಳ್ಳುತ್ತಿಲ್ಲವೆಂಬ ಆಧಾರದ ಮೇಲೆ ಅವರನ್ನು ಮನೋರೋಗಿಯೆಂದು ನಿರ್ಣಯಿಸಕೂಡದೆಂದು ಸ್ಪಷ್ಟವಾಗಿ ವಿಧಿಸುತ್ತದೆ. ಬರ್ತಾ, ಲಾರಾ, ಲೇಡಿ ಆಡ್ಲಿಯರ ಕಥೆಗಳನ್ನು ಓದಿದವರಿಗೆ ಈ ಒಂದು ವಾಕ್ಯದ ಬೆಲೆ ತಿಳಿಯುತ್ತದೆ.

ಕಾನೂನು ಬರೆದಿಟ್ಟುದು ಮನೆಯಂಗಳಕ್ಕೆ ಇಳಿಯಬೇಕಾದರೆ ಓದಿದವರ ಕಿವಿ ಮೊದಲು ತೆರೆಯಬೇಕು. 'ಅವಳಿಗೆ ತಲೆ ಸರಿಯಿಲ್ಲ' ಎಂಬ ಮಾತನ್ನು ನಮ್ಮ ಊರು ಕೇರಿಗಳಲ್ಲಿ ಕೇಳದವರಾರು? ಮುಂದೆ ಆ ಮಾತು ಕಿವಿಗೆ ಬಿದ್ದಾಗ, ನಮ್ಮ ವಿದ್ಯಾರ್ಥಿ ವಿದ್ಯಾರ್ಥಿನಿಯರು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ಹೇಳಿದವರು ಯಾರು? ಅವಳೇನು ಹೇಳುತ್ತಾಳೆಂದು ಯಾರಾದರೂ ಕೇಳಿದರೇ? ನಿಜವಾಗಿ ಅಸ್ವಸ್ಥಳಾಗಿದ್ದರೆ ಅವಳಿಗೆ ಬೇಕಾದುದು ವೈದ್ಯವೂ ಮರುಕವೂ. ಅಲ್ಲವಾದರೆ ಬೇಕಾದುದು ನ್ಯಾಯ. ಎರಡಕ್ಕೂ ಮೊದಲ ಮೆಟ್ಟಿಲು, ಅವಳ ಮಾತನ್ನು ಅವಳ ಬಾಯಿಂದಲೇ ಕೇಳುವುದು.